ದೇವರಿಗೆ ಬಿಳಿ ಗೋಧಿ, ಕೋಳಿಗೆ ಕೆಂಪು ಗೋಧಿ

ಈ ಸಲದ ಕ್ರಿಸ್‌ಮಸ್ಸಿಗೆ ಚರ್ಚಿನಲ್ಲಿ ಬಾಲಯೇಸುವಿಗೆಂದು ಕಟ್ಟುವ ಗವಿಯ ಹತ್ತಿರ ಒಂದು ಎಳೆ ಪ್ಲಾಸ್ಟಿಕ್ಕೂ ಸುಳಿಯಕೂಡದು ಎಂದು ಇಡೀ ಕಫರ್ ಜೌಜ್ ಊರಿನ ಮುಂದೆ ಎದ್ದು ನಿಂತು ಸಾರಿದವನು ಬೇರೆ ಯಾರೂ ಅಲ್ಲ, ಊರಿಗೆಲ್ಲ ಪ್ಲಾಸ್ಟಿಕ್ ಮರ ಮಾರುವ ಲಬೀಬ್!

ಅವನು ಹಾಗೆ ಎದ್ದು ನಿಲ್ಲಲು ಕಾರಣವಿತ್ತು. ಆ ಭಾನುವಾರದ ಪ್ರಸಂಗದಲ್ಲಿ ಪಾದ್ರಿ ಅಬೂನಾ ಯುವಾಕಿಮ್ ಹಿಂದಿನ ವರ್ಷದ ಗಾಯವನ್ನು ಮತ್ತೆ ಕೆದಕಿದ್ದರು. ಹಿಂದಿನ ವರ್ಷ ಬಾಲಯೇಸುವಿನ ತಲೆಯ ಮೇಲೆ ನೆರಳಾಗಿ ನಿಂತಿದ್ದ ಪ್ಲಾಸ್ಟಿಕ್ ಖರ್ಜೂರದ ಮರ ಪೂಜೆಯ ಮಧ್ಯೆ, ಎಲ್ಲರೂ ಮಂಡಿಯೂರಿ ತಲೆ ತಗ್ಗಿಸಿದ್ದ ಹೊತ್ತಿಗೆ ಸರಿಯಾಗಿ, ಕೆಂಪು ಹಸಿರು ಮಿಣುಕುತ್ತಾ ಚೀನೀ ಭಾಷೆಯಲ್ಲಿ ಹಾಡಲು ಶುರುಮಾಡಿತ್ತು. ಅದರ ಗುಂಡಿ ಎಲ್ಲಿದೆಯೆಂದು ಯಾರಿಗೂ ತಿಳಿಯದೆ, ಕೊನೆಗೆ ಅಬೂನಾ ತಾವೇ ಅದನ್ನು ತಮ್ಮ ನಿಲುವಂಗಿಯೊಳಗೆ ಸುತ್ತಿಕೊಂಡು ಪೂಜೆ ಮುಗಿಸಿದ್ದರು. ಅವರು ಕೈಯೆತ್ತಿ ಹರಸಿದಾಗಲೆಲ್ಲ ಹೊಟ್ಟೆಯೊಳಗಿಂದ ಹಾಡು ಕೇಳಿಸುತ್ತಿತ್ತು. ಆ ಮರ ಯಾರ ಅಂಗಡಿಯದು ಎಂದು ಅಬೂನಾ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಊರೆಲ್ಲ ಒಟ್ಟಿಗೆ ಕತ್ತು ತಿರುಗಿಸಿ ಲಬೀಬನನ್ನು ನೋಡಿತು.

ಲಬೀಬ್ ಎದ್ದ. ಮೀಸೆಯ ಮೇಲೆ ಒಮ್ಮೆ ಕೈಯಾಡಿಸಿದ.

"ಅಬೂನಾ, ಈ ವರ್ಷ ಗವಿ ಕಟ್ಟೋ ಜವಾಬ್ದಾರಿ ನಂದು. ಎಲ್ಲ ಮಣ್ಣಿಂದ, ಮರದಿಂದ, ಗಿಡದಿಂದ. ಒಂದೆಳೆ ಪ್ಲಾಸ್ಟಿಕ್ ಕಂಡ್ರೆ ನನ್ನ ಹೆಸರು ಬದಲಾಯಿಸಿ. ಅಷ್ಟೇ ಅಲ್ಲ, ನಮ್ಮ ಮನೆ ತಟ್ಟೆ ಹಸಿರನ್ನೂ ಈ ಸಲ ನಾನೇ, ನನ್ನ ಕೈಯಾರೆ ಬೆಳೀತೀನಿ!"

ಅವನ ಪಕ್ಕದಲ್ಲಿ ಕೂತಿದ್ದ ಹೆಂಡತಿ ನಜ್ಲಾಳ ಕೈಯಿಂದ ಜಪಮಾಲೆ ಜಾರಿ ಕೆಳಗೆ ಬಿತ್ತು.

ತಟ್ಟೆ ಎಂದರೆ ಸಾಮಾನ್ಯ ತಟ್ಟೆಯಲ್ಲ. ಆ ಊರಿನಲ್ಲಿ ಪ್ರತಿ ಮನೆಯವರೂ ಸಂತ ಬರ್ಬಾರಾ ಹಬ್ಬದ ದಿನ ಒಂದು ತಟ್ಟೆಯಲ್ಲಿ ಒದ್ದೆ ಹತ್ತಿ ಹಾಸಿ ಗೋಧಿಯನ್ನೋ ಮಸೂರ್ ಕಾಳನ್ನೋ ಬಿತ್ತುತ್ತಾರೆ. ಕ್ರಿಸ್‌ಮಸ್ಸಿನ ಹೊತ್ತಿಗೆ ಅದು ಗೇಣುದ್ದ ಹಸಿರಾಗಿ ನಿಲ್ಲುತ್ತದೆ. ಹಿಂದಿನ ದಿನ ಅದನ್ನು ಚರ್ಚಿಗೆ ಒಯ್ದು ಗವಿಯ ಸುತ್ತ ಇಡುತ್ತಾರೆ. ಗೋದಲಿಗೆ ಅಂಟಿಕೊಂಡಂತೆ, ಬಾಲಯೇಸುವಿನ ಪಾದದ ಹತ್ತಿರ ಇರುವ ಜಾಗ ಮಾತ್ರ ಲಬೀಬನ ಅಮ್ಮನ ಕಾಲದಿಂದಲೂ ಅವರ ಮನೆಯ ತಾಮ್ರದ ತಟ್ಟೆಗೆ ಮೀಸಲು. ಅಮ್ಮ ಹೋದ ಮೇಲೆ ನಜ್ಲಾ ಆ ತಟ್ಟೆಯನ್ನು ನಿಂಬೆಹಣ್ಣು ಉಪ್ಪು ಹಾಕಿ ತಿಕ್ಕಿ, ವರ್ಷ ವರ್ಷವೂ ಒಂದು ಕಾಳೂ ಸೋಲದಂತೆ ಹಸಿರು ತುಂಬಿಸಿ ಆ ಜಾಗ ಉಳಿಸಿಕೊಂಡು ಬಂದಿದ್ದಳು. ಆ ಜಾಗದ ಮೇಲೆ ಪಕ್ಕದ ಮನೆಯ ಮುದುಕಿ ಇಮ್ಮ್ ಶಾಹೀನಳ ಕಣ್ಣಿತ್ತು. ಅವಳ ತಟ್ಟೆ ಎಷ್ಟೋ ವರ್ಷದಿಂದ ಎರಡನೆಯ ಸಾಲಿನಲ್ಲಿ, ಕತ್ತೆಯ ಬೊಂಬೆಯ ಹಿಂಭಾಗದಲ್ಲಿ ಕೂರುತ್ತಿತ್ತು.

ಚರ್ಚಿನಿಂದ ಮನೆಗೆ ಬರುವ ಏರುದಾರಿಯಲ್ಲಿ ನಜ್ಲಾ ಬಾಯಿ ತೆರೆದಳು.

"ನಿಮ್ಮನ್ನ ಎದ್ದು ನಿಂತ್ಕೊಳ್ಳಿ ಅಂತ ಯಾರ್ರೀ ಕರೆದ್ರು?"

"ನನ್ನ ಆತ್ಮಸಾಕ್ಷಿ."

"ನಿಮ್ಮ ಆತ್ಮಸಾಕ್ಷಿ ಯಾವತ್ತಾದ್ರೂ ಅಡುಗೆಮನೆ ಒಳಗೆ ಕಾಲಿಟ್ಟಿದೆಯಾ?"

"ಹತ್ತಿ ಹಾಸೋದು, ಗೋಧಿ ಎರಚೋದು, ನೀರು ಚಿಮುಕಿಸೋದು. ಇದಕ್ಕೇನು ರಾಕೆಟ್ ಹಾರಿಸಬೇಕಾ? ಬೆಳೆಯೋದು ಗೋಧಿ ಕಣೇ, ನೀನಲ್ಲ! ಇಷ್ಟು ವರ್ಷ ಗೋಧಿ ಮಾಡಿದ ಕೆಲಸಕ್ಕೆ ನೀನು ಹೊಗಳಿಸಿಕೊಂಡೆ."

ನಜ್ಲಾ ನಡೆಯುವುದನ್ನು ನಿಲ್ಲಿಸಿದಳು. ಈ ಮಾತು ತನ್ನ ಬಾಯಿಂದ ಹೊರಬಿದ್ದ ತಕ್ಷಣ ಲಬೀಬನಿಗೂ ಇದು ಕೊಂಚ ಹೆಚ್ಚಾಯಿತು ಅನ್ನಿಸಿತು. ಆದರೆ ಹಿಂದೆ ಸರಿಯುವ ಅಭ್ಯಾಸ ಅವನಿಗಿರಲಿಲ್ಲ.

"ಇನ್ನೊಂದು ಷರತ್ತು," ಎಂದ ಅವನು. "ಈ ವಿಷಯದಲ್ಲಿ ನೀನು ಒಂದು ಮಾತೂ ಆಡಕೂಡದು. ಅದು ಹೀಗಲ್ಲ, ಇದು ಹಾಗಲ್ಲ ಅಂತ ಮೂಗು ತೂರಿಸ್ತೀಯ, ಆಮೇಲೆ ನಾನೇ ಹೇಳಿಕೊಟ್ಟಿದ್ದು ಅಂತ ಊರೆಲ್ಲ ಸಾರ್ತೀಯ."

"ಆಯ್ತು," ಎಂದಳು ನಜ್ಲಾ. ಅವಳ ದನಿ ಎಷ್ಟು ತಣ್ಣಗಿತ್ತೆಂದರೆ ಬುದ್ಧಿವಂತನಾದ ಗಂಡಸು ಅಲ್ಲೇ ಕ್ಷಮೆ ಕೇಳಿಬಿಡುತ್ತಿದ್ದ. "ಗೋಧಿ ಬಗ್ಗೆ ನನ್ನ ಬಾಯಿಂದ ಒಂದಕ್ಷರ ಬರಲ್ಲ. ನೀವಾಗಿ ನೀವೇ, ಊರ ಮುಂದೆ, 'ಹೇಳು ನಜ್ಲಾ' ಅಂತ ಕೇಳೋವರೆಗೂ ಬರಲ್ಲ."

"ಆ ದಿನ ಬರಲ್ಲ ಬಿಡು!" ಎಂದು ಲಬೀಬ್ ನಕ್ಕ.

ಸಂತ ಬರ್ಬಾರಾ ಹಬ್ಬದ ದಿನ ಬಂತು. ಅಂದು ಮನೆಮನೆಯಲ್ಲೂ ಬುರ್ಬಾರಾ ಬೇಯುತ್ತದೆ. ಗೋಧಿಯನ್ನು ಸಕ್ಕರೆ, ಸೋಂಪು ಹಾಕಿ ಬೇಯಿಸಿ, ಮೇಲೆ ದಾಳಿಂಬೆ, ಬಾದಾಮಿ ಉದುರಿಸಿದ ಪಾಯಸ ಅದು. ನಜ್ಲಾ ಒಲೆಯ ಮುಂದೆ ನಿಂತು ಸೌಟು ತಿರುಗಿಸುತ್ತಿದ್ದಳು. ಲಬೀಬ್ ತೋಳು ಮಡಚಿಕೊಂಡು, ಯುದ್ಧಕ್ಕೆ ಹೊರಟ ಸೇನಾಪತಿಯ ಠೀವಿಯಲ್ಲಿ ಅಡುಗೆಮನೆಗೆ ಕಾಲಿಟ್ಟ.

ಉಗ್ರಾಣದ ಮೂಲೆಯಲ್ಲಿ ಒಂದು ಗೋಣಿಚೀಲವಿತ್ತು. ನಜ್ಲಾಳ ತಮ್ಮ ತನ್ನ ಹೊಲದಿಂದ ಕಳಿಸಿದ ಗೋಧಿ. ಕೆಂಚು ಬಣ್ಣ, ಮೈತುಂಬ ಧೂಳು, ಅಲ್ಲಲ್ಲಿ ಹೊಟ್ಟು, ಒಂದೆರಡು ಕಲ್ಲು. ಅದರ ಪಕ್ಕದ ಗೂಡಿನಲ್ಲಿ ಗಾಜಿನ ಭರಣಿಯಲ್ಲಿ ಇನ್ನೊಂದು ಗೋಧಿ. ಸಿಪ್ಪೆ ತೆಗೆದು, ಉಜ್ಜಿ, ಮುತ್ತಿನಂತೆ ಬೆಳ್ಳಗೆ ದುಂಡಗೆ ಹೊಳೆಯುವ ಪಾಯಸದ ಗೋಧಿ. ಲಬೀಬ್ ಎರಡನ್ನೂ ಅಂಗೈ ಮೇಲೆ ಇಟ್ಟುಕೊಂಡು ನೋಡಿದ. ಗೋಧಿಯನ್ನು ಇಷ್ಟು ವರ್ಷ ಬೆಂದ ಮೇಲೆ ಮಾತ್ರ ಕಂಡವನು ಅವನು. ಹಾಗಾಗಿ ತೀರ್ಮಾನಕ್ಕೆ ಬರಲು ಹೊತ್ತು ಹಿಡಿಯಲಿಲ್ಲ.

"ನಜ್ಲಾ, ಇಷ್ಟು ವರ್ಷ ಈ ಧೂಳು ಗೋಧಿನ ದೇವರ ಮುಂದೆ ಇಡ್ತಿದ್ಯಾ? ಮಹಾರಾಯ್ತಿ, ದೇವರು ಅಂದ್ಮೇಲೆ ಮನೇಲಿರೋದರಲ್ಲಿ ಉತ್ತಮವಾದದ್ದು ಕೊಡಬೇಕು!"

ಅವನು ಭರಣಿಯ ಮುಚ್ಚಳ ತೆರೆದು ಬೆಳ್ಳಗಿನ ಗೋಧಿಯನ್ನು ತಾಮ್ರದ ತಟ್ಟೆಯ ಹತ್ತಿಯ ಮೇಲೆ ಸುರಿದ. ಒಲೆಯ ಮುಂದೆ ಸೌಟು ನಿಂತಿತು.

"ರೀ, ಅದು—"

"ಷರತ್ತು!"

ಸೌಟು ಮತ್ತೆ ತಿರುಗತೊಡಗಿತು.

ಕೆಂಚು ಗೋಧಿಯನ್ನು ಲಬೀಬ್ ಹಿತ್ತಲಿಗೆ ಹೊತ್ತೊಯ್ದು ಕೋಳಿಗೂಡಿನ ಡಬ್ಬಕ್ಕೆ ಸುರಿದ. ಹಬ್ಬ ಕೋಳಿಗಳಿಗೂ ಬರಲಿ ಎಂಬ ಉದಾರ ಭಾವನೆ ಒಂದು ಕಡೆ. ಗವಿ ಕಟ್ಟಲು ಅವನಿಗೆ ಆ ಗೋಣಿಚೀಲ ಬೇಕಾಗಿತ್ತು ಎಂಬುದು ಇನ್ನೊಂದು ಕಡೆ. ಬೇರೆಯವರು ಗವಿಯನ್ನು ಸಿಮೆಂಟ್ ಚೀಲದ ಕಾಗದ ಮುದುರಿ, ಬಣ್ಣ ಬಳಿದು ಮಾಡುತ್ತಾರೆ. ಇವನದು ಹಾಗಲ್ಲ, ಅಪ್ಪಟ ನಿಸರ್ಗ! ಚೀಲ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟವನನ್ನು ನಜ್ಲಾ ಬಾಗಿಲ ತನಕ ಹಿಂಬಾಲಿಸಿದಳು.

"ಆ ಚೀಲನ ಒಂದ್ಸಲ ಕೊಡವಿ—"

"ನಜ್ಲಾ!"

ನಜ್ಲಾ ಬಾಯಿ ಮುಚ್ಚಿಕೊಂಡಳು. ಆ ಮೂರು ವಾರದಲ್ಲಿ ಅವಳು ಎಷ್ಟು ಸಲ ಬಾಯಿ ಮುಚ್ಚಿಕೊಳ್ಳಬೇಕಾಯಿತೋ ಆ ದೇವರಿಗೇ ಗೊತ್ತು.

ಗವಿಯನ್ನಂತೂ ಲಬೀಬ್ ಅದ್ಭುತವಾಗಿಯೇ ಕಟ್ಟಿದ, ಅದನ್ನು ಒಪ್ಪಿಕೊಳ್ಳಬೇಕು. ಓಕ್ ಮರದ ಡೊಂಕು ಕೊಂಬೆಗಳನ್ನು ಬಾಗಿಸಿ ಚೌಕಟ್ಟು ನಿಲ್ಲಿಸಿದ. ಗೋಣಿಚೀಲವನ್ನು ಸೀಳಿ, ಕೆಂಪು ಮಣ್ಣಿನ ರಾಡಿಯಲ್ಲಿ ಅದ್ದಿ, ಚೌಕಟ್ಟಿನ ಮೇಲೆ ಹೊದಿಸಿ, ಬಂಡೆಯ ಹಾಗೆ ಕಾಣುವಂತೆ ಸುಕ್ಕುಗಟ್ಟಿಸಿದ. ಬುಗ್ಗೆಯ ಹತ್ತಿರದಿಂದ ಪಾಚಿ ಕೆತ್ತಿ ತಂದು ಬುಡಕ್ಕೆ ಮೆತ್ತಿದ. ಪೈನ್ ಮರದ ಕಾಯಿಗಳಿಂದ ಕುರಿಮಂದೆ ಮಾಡಿದ. ಒಣಗಿಸಿದ ಕಿತ್ತಳೆಯ ಬಿಲ್ಲೆಗಳನ್ನು ನೂಲಿಗೆ ಪೋಣಿಸಿ ತೋರಣ ಕಟ್ಟಿದ. ಕುರಿಗಳು ಸ್ವಲ್ಪ ಮುಳ್ಳುಹಂದಿಯ ಹಾಗೆ ಕಂಡವು, ಅಷ್ಟೇ.

ಗವಿಯನ್ನು ಹಬ್ಬದ ಹಿಂದಿನ ದಿನದವರೆಗೂ ಯಾರಿಗೂ ತೋರಿಸುವುದಿಲ್ಲ. ಚರ್ಚಿನ ಕಿಟಕಿಯ ಕೆಳಗೆ, ಸೀಮೆಎಣ್ಣೆ ಒಲೆಯ ಬೆಚ್ಚಗಿನ ಮಗ್ಗುಲಲ್ಲಿ, ತೆಳ್ಳಗಿನ ಬಿಳಿ ಪರದೆಯ ಹಿಂದೆ ಅದು ಕೂತಿತು.

"ಅಬೂನಾ, ಪಾಚಿ ಒಣಗಬಾರದು," ಎಂದ ಲಬೀಬ್. "ದಿನಾ ಪರದೆ ಹಿಂದಕ್ಕೆ ಒಂದಿಷ್ಟು ನೀರು ಚಿಮುಕಿಸಿಬಿಡಿ. ಧಾರಾಳವಾಗಿ."

"ಚಿಮುಕಿಸೋದೇ ನನ್ನ ಉದ್ಯೋಗ ಅಲ್ವೇನಪ್ಪಾ," ಎಂದರು ಅಬೂನಾ ಯುವಾಕಿಮ್.

ಇತ್ತ ಮನೆಯಲ್ಲಿ ತಾಮ್ರದ ತಟ್ಟೆ ಊಟದ ಮೇಜಿನ ಮಧ್ಯೆ ವಿರಾಜಮಾನವಾಗಿತ್ತು. ಎರಡನೆಯ ದಿನ ಗೋಧಿ ದಪ್ಪಗಾಯಿತು. "ಉಬ್ಬಿತು! ನಜ್ಲಾ, ಉಬ್ಬಿತು!" ಎಂದು ಲಬೀಬ್ ಮನೆ ತುಂಬ ಓಡಾಡಿದ. ಗೋಧಿ ಉಬ್ಬಿದ್ದಕ್ಕಿಂತ ಹೆಚ್ಚಾಗಿ ಅವನೇ ಉಬ್ಬಿದ್ದ. ಆಮೇಲೆ ಅದು ಮತ್ತೇನೂ ಆಗಲಿಲ್ಲ. ಸುಮ್ಮನೆ ಮಲಗಿತ್ತು. ಚಳಿಗೆ ಹೆದರಿರಬೇಕೆಂದು ಅವನು ತಟ್ಟೆಯನ್ನು ಒಲೆಯ ಪಕ್ಕಕ್ಕೆ ಸರಿಸಿದ. ಗೋಧಿ ಬೆಚ್ಚಗಾಯಿತು, ಲೋಳೆಯಾಯಿತು, ಗುಳ್ಳೆ ಬಿಟ್ಟಿತು. ಮನೆಯಲ್ಲಿ ಒಂದು ವಾಸನೆ ಹಬ್ಬತೊಡಗಿತು.

ಕಾಫಿಗೆಂದು ಬಂದ ಇಮ್ಮ್ ಶಾಹೀನ್ ಹೊಸಿಲಲ್ಲೇ ಮೂಗರಳಿಸಿದಳು.

"ನಜ್ಲಾ, ಏನೇ ಇದು, ಮನೇಲೇ ಅರಕ್ ಇಳಿಸ್ತಿದೀರಾ? ನನ್ನ ಮಂಡಿಗೆ ಹಚ್ಚೋಕೆ ಒಂದು ಸೀಸೆ ಎತ್ತಿಡು."

"ಅರಕ್ ಅಲ್ಲ, ಗೋಧಿ!" ಎಂದ ಲಬೀಬ್.

"ಓಹೋ, ನಿನ್ನ ಬೇಸಾಯವೋ! ನನ್ನ ಮಸೂರ್ ಆಗಲೇ ಬೆರಳುದ್ದ ಬಂದಿದೆ ಕಣೋ ಮಗಾ. ನಿಂದು?"

"ನಮ್ದು... ಸದ್ಯಕ್ಕೆ ಬೇರು ಗಟ್ಟಿ ಮಾಡ್ಕೊಳ್ತಿದೆ."

ಮುದುಕಿ ಬಗ್ಗಿ ತಟ್ಟೆಯನ್ನು ನೋಡಿದಳು. ಆಮೇಲೆ ನಜ್ಲಾಳನ್ನು ನೋಡಿದಳು. ನಜ್ಲಾ ಚಾವಣಿಯನ್ನು ನೋಡುತ್ತಿದ್ದಳು. ಮುದುಕಿಗೆ ಏನು ಅರ್ಥವಾಯಿತೋ, ಕಾಫಿ ಬಟ್ಟಲನ್ನು ಒಂದೇ ಗುಟುಕಿಗೆ ಬರಿದು ಮಾಡಿ, ತುಂಬ ಸಂತೋಷದಿಂದ ಹೊರಟಳು. ಅವಳು ಹೋದದ್ದು ಚರ್ಚಿನ ಮೊದಲ ಸಾಲಿನ ಜಾಗವನ್ನು ಅಳತೆ ಮಾಡಲು ಎಂದು ಲಬೀಬನಿಗೆ ಖಾತ್ರಿಯಿತ್ತು.

ತಪ್ಪು ಅಂಗಡಿಯವನದು, ಹಳೇ ಗೋಧಿ ದಾಟಿಸಿದ್ದಾನೆ ಎಂದು ಲಬೀಬ್ ತೀರ್ಪು ಕೊಟ್ಟ. ಲೋಳೆಯನ್ನೆಲ್ಲ ಬಳಿದು ಹೊರಗೆಸೆದು, ಹೊಸ ಹತ್ತಿ ಹಾಸಿ, ಗೂಡಿನಿಂದ ಇನ್ನೊಂದು ಡಬ್ಬ ಇಳಿಸಿದ. ಅದು ಬುರ್ಗುಲ್! ಗೋಧಿಯನ್ನು ಮೊದಲು ಬೇಯಿಸಿ, ಬಿಸಿಲಿಗೆ ಒಣಗಿಸಿ, ಆಮೇಲೆ ಒಡೆದು ಮಾಡುವ ನುಚ್ಚು.

"ಇದು ಗಟ್ಟಿ ಜಾತಿ ಗೋಧಿ," ಎಂದು ಅವನು ಬೆರಳುಗಳ ನಡುವೆ ಅದನ್ನು ಉಜ್ಜಿ ನೋಡಿದ. "ಸಣ್ಣಕ್ಕಿದೆ, ನಿಜ. ಸಣ್ಣ ಬೀಜ ಬೇಗ ಮೊಳೆಯುತ್ತೆ."

ನಜ್ಲಾ ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡು ಬಾಲ್ಕನಿಗೆ ಓಡಿದಳು. ಬೆನ್ನು ಮಾಡಿ ನಿಂತವಳ ಭುಜಗಳು ಕುಲುಕುತ್ತಿದ್ದವು. ಪಾಪ, ತನ್ನ ಕೆಲಸ ಕೈತಪ್ಪಿದ್ದಕ್ಕೆ ಅಳುತ್ತಿದ್ದಾಳೆ ಎಂದುಕೊಂಡ ಲಬೀಬನಿಗೆ ಮನಸ್ಸು ಕರಗಿತು. ಮುಂದಿನ ವರ್ಷ ಅವಳಿಗೂ ಒಂದು ಚಿಕ್ಕ ತಟ್ಟೆ ಕೊಡಬೇಕು ಎಂದು ನಿಶ್ಚಯಿಸಿದ.

ಬೆಳಗಾಗುವಷ್ಟರಲ್ಲಿ ಬುರ್ಗುಲ್ ನೀರು ಕುಡಿದು ಮೆತ್ತಗಾಗಿ, ಸಲಾಡಿಗೆ ಹೇಳಿ ಮಾಡಿಸಿದ ಹಾಗೆ ಸಿದ್ಧವಾಗಿತ್ತು. ಪಾರ್ಸ್‌ಲಿ ಸೊಪ್ಪು, ಟೊಮೇಟೊ ಹೆಚ್ಚಿ ನಿಂಬೆ ಹಿಂಡಿದ್ದರೆ ಊಟಕ್ಕೆ ಕೂರಬಹುದಿತ್ತು. ಮೊಳಕೆ ಮಾತ್ರ ಬರಲಿಲ್ಲ, ವಾರವಾದರೂ ಬರಲಿಲ್ಲ. ಲಬೀಬ್ ಅದಕ್ಕೆ ಬೆಳಕು ತೋರಿಸಿದ, ಕತ್ತಲು ತೋರಿಸಿದ. ಅಂಗಡಿಯಿಂದ ದೊಡ್ಡ ಬಲ್ಬು ತಂದು ಮೇಲೆ ತೂಗುಹಾಕಿದ, ಬೀದಿಯ ಜನರೇಟರ್ ಮುನಿಸಿಕೊಂಡು ಆಚೆ ಈಚೆ ನಾಲ್ಕು ಮನೆಗೆ ಕರೆಂಟು ಹೋಯಿತು. ಹಿತ್ತಲಿನಲ್ಲಿ ಮಾತ್ರ ಎಲ್ಲ ಸೊಗಸಾಗಿತ್ತು. ಕೆಂಚು ಗೋಧಿ ತಿಂದ ಕೋಳಿಗಳು ಮದುಮಗಳ ಅತ್ತೆಯರ ಹಾಗೆ ಮೈತುಂಬಿಕೊಂಡು ತೂಗಾಡುತ್ತಾ ಓಡಾಡುತ್ತಿದ್ದವು. ದೊಡ್ಡ ಹೆಂಟೆಗಂತೂ ಗೂಡಿನ ಮೆಟ್ಟಿಲು ಹತ್ತಲು ಉಬ್ಬಸ.

ಹಬ್ಬ ಹತ್ತಿರ ಬಂದಂತೆ ಲಬೀಬನಿಗೆ ನಿಜವಾಗಿ ಭಯ ಶುರುವಾಯಿತು. ಅಂಗಡಿಯಲ್ಲಿ ಕೂತಿದ್ದರೂ ಕಣ್ಣ ಮುಂದೆ ಅದೇ ತಟ್ಟೆ. ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು, ಹಸಿರು ಅಲುಗದಂತೆ, ಐಸ್ ಕಟ್ಟಿದ ದಾರಿಯಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಚರ್ಚಿಗೆ ಹೋಗುತ್ತಿದ್ದದ್ದು ಅವನಿಗೆ ನೆನಪಿತ್ತು. ಯುದ್ಧದ ವರ್ಷಗಳಲ್ಲೂ ಆ ಜಾಗ ಖಾಲಿ ಬಿದ್ದಿರಲಿಲ್ಲ. ಈಗ ಬೀಳುತ್ತದೆ, ಅದೂ ತನ್ನಿಂದ! ನಜ್ಲಾಳನ್ನು ಒಂದು ಮಾತು ಕೇಳಿದರೆ ಮುಗಿಯಿತು ಎಂದು ಅವನಿಗೆ ಗೊತ್ತಿತ್ತು. ಕೇಳಲು ಹೋಗಿ ಎರಡು ಸಲ ಅಡುಗೆಮನೆಯ ಬಾಗಿಲವರೆಗೂ ಬಂದ. ಎರಡು ಸಲವೂ "ಉಪ್ಪಿನ ಡಬ್ಬ ಎಲ್ಲಿದೆ?" ಎಂದು ಕೇಳಿ ವಾಪಸಾದ.

ಮೂರನೆಯ ಸಲ ಕೇಳಲೆಂದು ಬಂದಾಗ ಗೂಡಿನ ಮೇಲಿನ ಅಂಕಣದಲ್ಲಿ ಅವನಿಗೆ ಒಂದು ಭರಣಿ ಕಂಡಿತು. ಅದರೊಳಗೆ ಗೋಧಿ. ಹಸಿರು ಗೋಧಿ! ಎಳೆಯ ತೆನೆಯನ್ನು ಬೆಂಕಿಯಲ್ಲಿ ಸುಟ್ಟು, ಉಜ್ಜಿ ತೆಗೆದ ಫ್ರೀಕೆ ಅದು. ಕೋಳಿಯ ಜೊತೆ ಬೇಯಿಸಿ ಎಷ್ಟೋ ಹಬ್ಬದಲ್ಲಿ ಅವನೇ ಬೆರಳು ನೆಕ್ಕಿಕೊಂಡು ತಿಂದದ್ದು. ಬೇಯದ ರೂಪದಲ್ಲಿ ಗುರುತು ಸಿಗಲಿಲ್ಲ.

"ಅಲಲಾ! ಹಸಿರು ಗೋಧಿನ ಇಲ್ಲಿ ಬಚ್ಚಿಟ್ಟಿದೀಯಾ!" ಎಂದು ಅವನು ಕೂಗಿದ. "ನಿನ್ನ ಗುಟ್ಟು ಈಗ ಗೊತ್ತಾಯ್ತು ಕಣೇ ನಜ್ಲಾ. ಬೀಜನೇ ಹಸಿರಾಗಿದ್ರೆ ಪೈರು ಹಸಿರಾಗದೇ ಇರುತ್ತಾ?"

ನಜ್ಲಾ ಕೈಯಲ್ಲಿದ್ದ ಪಾತ್ರೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಕಣ್ಣು ಮುಚ್ಚಿ ಶಿಲುಬೆಯ ಗುರುತು ಮಾಡಿಕೊಂಡಳು.

"ಮೂಸಿ ನೋಡಿದ್ರಾ?" ಎಂದು ಇಷ್ಟು ಮಾತ್ರ ಕೇಳಿದಳು.

"ನೋಡ್ದೆ. ಹೊಗೆ ವಾಸನೆ. ನಿನ್ನ ಅಡುಗೆಮನೇಲಿ ಹೊಗೆ ವಾಸನೆ ಇರದೇ ಇರೋ ವಸ್ತು ಯಾವುದಿದೆ?"

ಆ ಮಾತಿನ ನಂತರ ನಜ್ಲಾಳ ಮನಸ್ಸಿನಲ್ಲಿ ಉಳಿದಿದ್ದ ಚೂರುಪಾರು ಕನಿಕರವೂ ಆವಿಯಾಯಿತು.

ಸುಟ್ಟ ಗೋಧಿ ಮೊಳೆಯಲಿಲ್ಲ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ತಟ್ಟೆಯಲ್ಲಿ ಹೊಗೆವಾಸನೆಯ ಕಪ್ಪು ಕೆಸರು ಬಿಟ್ಟರೆ ಏನೂ ಇರಲಿಲ್ಲ. ಲಬೀಬ್ ಅದರ ಮುಂದೆ ತಲೆ ಮೇಲೆ ಕೈಹೊತ್ತು ಕೂತ. ಆಮೇಲೆ ಎದ್ದು, ಯಾರ ಮುಖವನ್ನೂ ನೋಡದೆ ಅಂಗಡಿಗೆ ಹೋದ. ಬಾಗಿಲು ಪೂರ್ತಿ ತೆರೆಯದೆ ಒಳಗೆ ನುಸುಳಿ, ಬಚ್ಚಲುಮನೆಯ ಹೊಸಿಲಿಗೆ ಹಾಸುವ ಹಸಿರು ಪ್ಲಾಸ್ಟಿಕ್ ಹುಲ್ಲಿನ ಸುರುಳಿಯನ್ನು ಎಳೆದು, ತಟ್ಟೆಯ ಅಳತೆಗೆ ದುಂಡಗೆ ಕತ್ತರಿಸಿದ. ತಾಮ್ರದ ತಟ್ಟೆಯನ್ನು ತೊಳೆದು ಅದರಲ್ಲಿ ಹುಲ್ಲನ್ನು ಕೂರಿಸಿ ಮೇಲೆ ಅಮ್ಮನ ಕಸೂತಿ ಬಟ್ಟೆ ಮುಚ್ಚಿದ. ದೇವರು ಮೇಲಿನಿಂದ ನೋಡುವಾತ, ಅಷ್ಟು ದೂರದಿಂದ ಏನು ತಿಳಿಯುತ್ತದೆ ಎಂದು ಸಮಾಧಾನ ಹೇಳಿಕೊಂಡ.

ನಜ್ಲಾ ಹಬ್ಬದ ಕೋಟು ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಳು. ತಟ್ಟೆಯನ್ನು ಒಮ್ಮೆ ನೋಡಿದಳು.

"ಇದು ಗೋಧಿ ವಿಷಯ ಅಲ್ಲದೇ ಇರೋದರಿಂದ ಮಾತಾಡಬಹುದು ಅನ್ಕೋತೀನಿ. ಎಡಗಡೆ ಅಂಚು ಹೊರಗೆ ಇಣುಕ್ತಿದೆ, ಮುಚ್ಕೊಳ್ಳಿ."

ಲಬೀಬ್ ಮುಚ್ಚಿಕೊಂಡ.

ಚರ್ಚಿನ ಅಂಗಳಕ್ಕೆ ಬರುವಷ್ಟರಲ್ಲಿ ಒಳಗಿನಿಂದ ಗದ್ದಲ ಕೇಳಿಸಿತು. ಗಂಟೆ ಮೊಳಗುತ್ತಿತ್ತು, ಹೆಂಗಸರು ಮದುವೆಮನೆಯಲ್ಲಿ ಹಾಕುವಂತೆ ಉಲುಲು ಹಾಕುತ್ತಿದ್ದರು. ಲಬೀಬ್ ಬಿರಬಿರನೆ ಹೆಜ್ಜೆ ಹಾಕಿದ. ಗವಿ ಕುಸಿಯಿತೋ, ಕುರಿಗಳಿಗೆ ಬೆಂಕಿ ತಗುಲಿತೋ! ಅವನು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ನಾಲ್ಕಾರು ಜನ ಬಂದು ಅವನನ್ನು ಮುಂದಕ್ಕೆ ದೂಡಿಕೊಂಡು ಹೋದರು.

ಬಿಳಿ ಪರದೆ ಸರಿದಿತ್ತು. ಗವಿ ಹಸಿರಾಗಿತ್ತು!

ಹತ್ತಿರ ಹೋಗಿ ಕಣ್ಣುಜ್ಜಿಕೊಂಡು ನೋಡಿದರೂ ಹಸಿರೇ. ಮಣ್ಣು ಮೆತ್ತಿದ ಗೋಣಿಯ ಎಳೆ ಎಳೆಯಿಂದ, ಹೊಲಿಗೆಯ ಸಂದು ಸಂದಿನಿಂದ ಗೋಧಿಯ ಪೈರು ಎದ್ದು ನಿಂತಿತ್ತು. ಗೋಡೆಯ ಮೇಲೆ, ಛಾವಣಿಯ ಮೇಲೆ, ಗವಿಯ ಬಾಯಿಯ ಸುತ್ತ ಗೇಣುದ್ದ ಎಳೆಹಸಿರು ಮೇಣದ ಬತ್ತಿಯ ಬೆಳಕಿನಲ್ಲಿ ತೂಗುತ್ತಿತ್ತು. ಅದರ ಅಡಿಯಲ್ಲಿ ಮುಳ್ಳುಹಂದಿಯಂಥ ಕುರಿಗಳೂ ಮುದ್ದಾಗಿ ಕಾಣುತ್ತಿದ್ದವು. ಇಮ್ಮ್ ಶಾಹೀನ್ ತನ್ನ ಮಸೂರ್ ತಟ್ಟೆಯನ್ನು ಪಕ್ಕಕ್ಕಿಟ್ಟು, ನೋಯುವ ಮಂಡಿಯನ್ನು ಮರೆತು, ನೆಲದ ಮೇಲೆ ಮಂಡಿಯೂರಿ ಅಳುತ್ತಿದ್ದಳು.

"ಕಲ್ಲೇ ಚಿಗುರಿದೆ ಕಣ್ರೋ! ನನ್ನ ಇಷ್ಟು ವರ್ಷದ ಆಯಸ್ಸಲ್ಲಿ ಇಂಥದ್ದು ಕಂಡಿಲ್ಲ!"

"ಲಬೀಬ್, ಏನಪ್ಪಾ ಇದು?" ಎಂದರು ಅಬೂನಾ ಯುವಾಕಿಮ್. "ನಾವೆಲ್ಲ ತಟ್ಟೇಲಿ ಬೆಳೆದ್ರೆ ನೀನು ಗವೀನೇ ಬೆಳೆಸಿಬಿಟ್ಟೆಯಲ್ಲ!"

ಲಬೀಬನಿಗೂ ಏನೊಂದೂ ತಿಳಿದಿರಲಿಲ್ಲ. ಒಂದು ಕ್ಷಣ ಅವನ ಮೈಯೂ ಜುಂ ಎಂದಿತು. ಆದರೆ ಊರೆಲ್ಲ ತನ್ನನ್ನೇ ನೋಡುತ್ತಿದೆ, ಅದೂ ಬಾಯ್ತೆರೆದು ನೋಡುತ್ತಿದೆ ಎಂದು ಅರಿವಾದ ಕೂಡಲೇ ಅವನ ಕೈ ತಾನಾಗಿ ಮೀಸೆಗೆ ಹೋಯಿತು.

"ಇದು... ಒಂದು ವಿಧಾನ ಅಬೂನಾ. ಬಹಳ ಯೋಚನೆ ಮಾಡಿ ಕಂಡುಹಿಡಿದದ್ದು. ತಟ್ಟೇಲಿ ಯಾರು ಬೇಕಾದ್ರೂ ಬೆಳೀತಾರೆ. ಗೋಡೆ ಮೇಲೆ ಬೆಳೆಯೋಕೆ ಲೆಕ್ಕಾಚಾರ ಬೇಕು. ಗಾಳಿ, ಬೆಳಕು, ಇಳಿಜಾರು..."

"ಮುಂದಿನ ವರ್ಷ ಎಲ್ಲರಿಗೂ ಹೇಳ್ಕೊಡು. ಬೀಜ ಯಾವುದು ಹಾಕಿದ್ದು?"

"ಬೀಜ... ಆಯ್ದ ಬೀಜ. ದೇವರಿಗೆ ಅಂತ ಆರಿಸಿ ಆರಿಸಿ ತೆಗೆದದ್ದು."

"ಹೌದಾ?" ಎಂದಳು ಇಮ್ಮ್ ಶಾಹೀನ್, ಕಣ್ಣೊರೆಸಿಕೊಂಡು ಏಳುತ್ತಾ. "ಹಂಗಾದ್ರೆ ತಟ್ಟೇಲಿ ಇನ್ನೆಂಥ ಚೆಂದ ಬಂದಿರಬೇಕು! ತೋರ್ಸು ಮಗಾ."

"ಅದು ಆಮೇಲೆ—"

"ಆಮೇಲೆ ಏನು, ಕೊಡಿಲ್ಲಿ!"

ಮುದುಕಿಯ ಬೆರಳಿಗೆ ಅಷ್ಟು ಚುರುಕು ಇದೆಯೆಂದು ಲಬೀಬ್ ಎಣಿಸಿರಲಿಲ್ಲ. ಕಸೂತಿ ಬಟ್ಟೆ ಹಾರಿತು. ಒಳಗೆ ಹುಲ್ಲು ಹಚ್ಚ ಹಸಿರಾಗಿ, ಸೈನಿಕರಂತೆ ಒಂದೇ ಎತ್ತರಕ್ಕೆ ನಿಂತಿತ್ತು. ಅದರ ಅಂಚಿನಲ್ಲಿ ಒಂದು ಚೀಟಿ ಅಂಟಿಕೊಂಡಿತ್ತು. ಮುಂದಿನ ಸಾಲಿನಲ್ಲಿದ್ದ ಯಾರೋ ಅದನ್ನು ಗಟ್ಟಿಯಾಗಿ ಓದಿದರು: "ಜಾರುವುದಿಲ್ಲ. ತೊಳೆದು ಮತ್ತೆ ಬಳಸಬಹುದು."

ಚರ್ಚಿನಲ್ಲಿದ್ದವರೆಲ್ಲ ತಟ್ಟೆಯತ್ತ ಕತ್ತು ಚಾಚಿದರು.

"ಲಬೀಬ್," ಎಂದರು ಅಬೂನಾ, ಬಹಳ ಮೃದುವಾಗಿ, "ಒಂದೆಳೆ ಕಂಡ್ರೂ ಹೆಸರು ಬದಲಾಯಿಸಿ ಅಂದಿದ್ದೆ ಅಲ್ವಾ? ಯಾವ ಹೆಸರು ಇಡೋಣ?"

ಲಬೀಬನ ಕಿವಿ ಕೆಂಪಾಯಿತು, ಕತ್ತು ಕೆಂಪಾಯಿತು. ಅಮ್ಮನ ತಟ್ಟೆಯಲ್ಲಿ ಸುಳ್ಳು ಇಟ್ಟು ತಂದೆನಲ್ಲ ಎಂದು ಅವನಿಗೆ ಆಗ ನಿಜಕ್ಕೂ ನಾಚಿಕೆಯಾಯಿತು. ಗೋಡೆಯ ಮೇಲಿನ ಪೈರಿನ ಗುಟ್ಟು ಗೊತ್ತಿರುವುದು ಇಡೀ ಚರ್ಚಿನಲ್ಲಿ ಒಬ್ಬಳಿಗೇ ಎಂದು ಅವನು ಊಹಿಸಿದ. ಆ ಒಬ್ಬಳು ಕೈಕಟ್ಟಿಕೊಂಡು, ತುಟಿ ಬಿಗಿದುಕೊಂಡು, ಕಂಬಕ್ಕೊರಗಿ ನಿಂತಿದ್ದಳು.

"ನಜ್ಲಾ," ಎಂದ ಅವನು.

"ಏನ್ರೀ?"

"ಹೇಳು."

"ಯಾವ ವಿಷಯ?"

"ಗೋಧಿ ವಿಷಯ."

"ಊರ ಮುಂದೆ ಕೇಳ್ತಿದೀರಾ?"

"ಹೂಂ ಕಣೇ, ಊರ ಮುಂದೇನೇ ಕೇಳ್ತಿದೀನಿ. ಹೇಳು ನಜ್ಲಾ!"

ಅಣೆಕಟ್ಟಿನ ಬಾಗಿಲು ತೆರೆಯಿತು. ಮೂರು ವಾರ ತುಂಬಿಕೊಂಡಿದ್ದ ನೀರು ಒಂದೇ ಸಲ ನುಗ್ಗಿತು.

"ಅಬೂನಾ, ಇವರು ಮೊದಲು ಬಿತ್ತಿದ್ದು ಪಾಯಸದ ಗೋಧಿ! ಸಿಪ್ಪೆ ಕಿತ್ತು, ಮೊಳಕೆ ಬರೋ ಮೂತಿನೇ ಉಜ್ಜಿ ಹಾಕಿರೋದು. ಅದು ಕೊಳೀತು. ಆಮೇಲೆ ಬಿತ್ತಿದ್ದು ಬುರ್ಗುಲ್. ಬೇಯಿಸಿ ಒಣಗಿಸಿ ಒಡೆದಿರೋ ಬುರ್ಗುಲ್ ಕಣ್ರೀ! ಅದೂ ಆಗ್ಲಿಲ್ಲ ಅಂತ ಬೆಂಕೀಲಿ ಸುಟ್ಟ ಫ್ರೀಕೆ ಬಿತ್ತಿದ್ರು, ಹಸಿರಾಗಿದೆಯಂತೆ! ಮೂರು ಸಲ ಹೆಣ ಹೂತು ಮೂರು ಸಲ ನೀರು ಹಾಕಿದ್ರು. ಮನೇಲಿ ಜೀವ ಇದ್ದ ಗೋಧಿ ಒಂದೇ ಒಂದು ಚೀಲ ಇದ್ದದ್ದು, ಅದನ್ನ ಕೋಳಿಗೆ ಸುರಿದ್ರು. ಚೀಲ ಕೊಡವಿ ತಗೊಂಡು ಹೋಗಿ ಅನ್ನೋಕೆ ಹೋದೆ, 'ನಜ್ಲಾ!' ಅಂತ ಗದರಿದ್ರು. ಆ ಕೊಡವದೇ ಇದ್ದ ಚೀಲನೇ ಇದು, ನೋಡಿ, ಮೈತುಂಬ ಚಿಗುರಿ ನಿಂತಿದೆ!"

ಮೊದಲು ನಕ್ಕವರು ಯಾರೋ ತಿಳಿಯಲಿಲ್ಲ. ಆಮೇಲೆ ನಗದೆ ಉಳಿದವರು ಯಾರೂ ಇರಲಿಲ್ಲ. ಅಬೂನಾ ನಿಲುವಂಗಿಯ ತೋಳಿನಲ್ಲಿ ಮುಖ ಮುಚ್ಚಿಕೊಂಡರು. ಹಿಂದಿನ ವರ್ಷ ಖರ್ಜೂರದ ಮರವನ್ನು ಮುಚ್ಚಿಕೊಂಡದ್ದೂ ಅದೇ ನಿಲುವಂಗಿ.

ಇಮ್ಮ್ ಶಾಹೀನಳಿಗೆ ಮಾತ್ರ ಪವಾಡವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲು ಮನಸ್ಸಿರಲಿಲ್ಲ.

"ನೀವು ಚಿಮುಕಿಸಿದ್ದು ತೀರ್ಥ ತಾನೇ ಅಬೂನಾ?"

"ಟ್ಯಾಂಕರ್ ನೀರಮ್ಮ."

"ಹಂಗಾದ್ರೆ ಪವಾಡ ಅಲ್ವಾ ಇದು?" ಮುದುಕಿಯ ಮುಖ ಬಾಡಿತು.

"ಪವಾಡನೇ ಇಮ್ಮ್ ಶಾಹೀನ್," ಎಂದಳು ನಜ್ಲಾ. "ಇದನ್ನೆಲ್ಲ ಕಣ್ಣಾರೆ ನೋಡಿಕೊಂಡು ಮೂರು ವಾರ ನಾನು ಬಾಯಿ ಮುಚ್ಚಿಕೊಂಡಿದ್ನಲ್ಲ, ಅದು!"

ನಗು ತಣ್ಣಗಾದ ಮೇಲೆ ಎಲ್ಲರ ಕಣ್ಣೂ ಗೋದಲಿಯ ಪಕ್ಕದ ಖಾಲಿ ಜಾಗದ ಮೇಲೆ ನೆಟ್ಟಿತು. ಗವಿಯ ಹಸಿರು ಚೀಲದ್ದು, ಚೀಲ ಕೋಳಿಗಳ ಪಾಲಿನದು. ತಟ್ಟೆಯ ಜಾಗ ತಟ್ಟೆಗೇ ಸೇರಬೇಕು. ಲಬೀಬ್ ಅಮ್ಮನ ತಟ್ಟೆಯನ್ನು ನಜ್ಲಾಳ ಕೈಗೆ ಕೊಟ್ಟ. ನೆಲದ ಮೇಲಿದ್ದ ಇಮ್ಮ್ ಶಾಹೀನಳ ಮಸೂರ್ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಹಸಿರು ಅಲುಗದ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಹೋಗಿ ಬಾಲಯೇಸುವಿನ ಪಾದದ ಬಳಿ ಇಟ್ಟ. ಮುದುಕಿ ಅವನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟಳು. ಗೆದ್ದದ್ದಕ್ಕೋ ಪ್ರೀತಿಗೋ ತಿಳಿಯಲಿಲ್ಲ, ನೋವಂತೂ ಆಯಿತು.

ಮರುದಿನ ಹಬ್ಬದ ಊಟಕ್ಕೆ ನಜ್ಲಾ ಇಮ್ಮ್ ಶಾಹೀನಳನ್ನೂ ಕರೆದಿದ್ದಳು. ಮೇಜಿನ ನಡುವೆ ಅಮ್ಮನ ತಾಮ್ರದ ತಟ್ಟೆ ಬಂದು ಕೂತಿತು. ತಟ್ಟೆಯ ತುಂಬ ಹೊಗೆಯಾಡುವ ಫ್ರೀಕೆ, ಅದರ ಮೇಲೆ ಕೆಂಪಗೆ ಹುರಿದ, ಗೂಡಿನ ಮೆಟ್ಟಿಲು ಹತ್ತಲು ಉಬ್ಬಸಪಡುತ್ತಿದ್ದ ಆ ದೊಡ್ಡ ಹೆಂಟೆ. ಲಬೀಬ್ ಫ್ರೀಕೆಯನ್ನು ಅನುಮಾನದಿಂದ ನೋಡಿದ.

"ಹೆದರಬೇಡಿ," ಎಂದಳು ನಜ್ಲಾ. "ಇದು ಹತ್ತಿ ಮೇಲೆ ಮಲಗಿದ್ದದ್ದಲ್ಲ, ಭರಣೀಲಿ ಉಳಿದದ್ದು."

ಇಮ್ಮ್ ಶಾಹೀನ್ ಕೋಳಿಯನ್ನು ಬೆರಳಿನಿಂದ ಒತ್ತಿ ನೋಡಿ ಕಣ್ಣರಳಿಸಿದಳು.

"ಎಷ್ಟು ಕೊಬ್ಬಿದೆಯೇ ತಾಯಿ ಇದು! ಏನು ಹಾಕಿ ಸಾಕಿದ್ರಿ?"

"ಗೋಧಿ ಬೇಸಾಯ ಎಲ್ಲ ಅವರದ್ದು," ಎಂದಳು ನಜ್ಲಾ. "ನಾನು ಬಾಯಿ ಹಾಕಲ್ಲ."

ಲಬೀಬ್ ಅಂಗಿಯ ತೋಳು ಮೇಲೇರಿಸಿದ.

"ದೇವರ ಪಾಲು ಹಾಕಿ ಸಾಕಿದ್ದು," ಎಂದು ಮೆಲ್ಲಗೆ ಹೇಳಿ, ಕೋಳಿಯ ಕಾಲಿಗೆ ಕೈಚಾಚಿದ.

ನಜ್ಲಾ ಅದಕ್ಕೆ ಮೊದಲೇ ಆ ಕಾಲನ್ನು ಮುರಿದು ಇಮ್ಮ್ ಶಾಹೀನಳ ಊಟಕ್ಕೆ ಬಡಿಸಿದ್ದಳು. ಇನ್ನೊಂದು ಕಾಲನ್ನು ತಾನೇ ಹಾಕಿಕೊಂಡಳು. ಆಮೇಲೆ ದೊಡ್ಡ ಸೌಟು ತೆಗೆದುಕೊಂಡು, ಗಂಡನ ಮುಂದೆ ಬರೀ ಫ್ರೀಕೆಯನ್ನು ಗುಡ್ಡೆಯಾಗಿ ಸುರಿದಳು.

"ತಗೊಳ್ಳಿ," ಎಂದಳು, "ನಿಮ್ಮ ಪೈರು."